ಮುಖಪುಟದ ಮೇಲೆ ಕೆರೆ ನೀರು: ಸ್ಪಾಟ್ ಯುವಿಗೆ ಚಿತ್ರ ತಯಾರಿಸಿದ ಅನುಭವ

ಒಂದು ಕಥಾ ಸಂಕಲನಕ್ಕೆ ಮುಖಪುಟ ಮಾಡಬೇಕಿತ್ತು. ಬಯಲುಸೀಮೆಯ ಕೆರೆಗಳ ಸುತ್ತ ನಡೆಯುವ ಕಥೆಗಳು. ಡೆಮಿ 1/8 ಅಳತೆ, ಅಂದರೆ ಸಾಮಾನ್ಯ ಕಥೆಪುಸ್ತಕದ ಗಾತ್ರ, ಸುಮಾರು 200 ಪುಟ, 300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಆರ್ಟ್ ಕಾರ್ಡಿನ ಹೊದಿಕೆ. ಪ್ರಕಾಶಕರು ಫೋನಿನಲ್ಲೇ ಹೇಳಿಬಿಟ್ಟರು: “ಈ ಸಲ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ, ಮೇಲೆ ಸ್ಪಾಟ್ ಯುವಿ ಹಾಕಿಸೋಣ ಮೇಡಂ. ಪುಸ್ತಕದ ಹೆಸರು, ಲೇಖಕರ ಹೆಸರು, ನಮ್ಮ ಲೋಗೋ ಎಲ್ಲ ಹೊಳೀಬೇಕು.”

ಮ್ಯಾಟ್ ಲ್ಯಾಮಿನೇಷನ್ ಅಂದರೆ ಅಚ್ಚಾದ ಶೀಟಿನ ಮೇಲೆ ಅಂಟಿಸುವ ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಫಿಲ್ಮು. ಸ್ಪಾಟ್ ಯುವಿ ನೀವೂ ನೋಡಿರುತ್ತೀರಿ. ಕೆಲವು ಮದುವೆ ಪತ್ರಿಕೆಗಳಲ್ಲಿ ಗಣಪತಿ ಮಾತ್ರ ಮಿರಮಿರ ಮಿಂಚುತ್ತಾ, ಉಳಿದದ್ದೆಲ್ಲ ಮಂಕಾಗಿ ಇರುತ್ತಲ್ಲ, ಅದೇ. ಬಣ್ಣವಿಲ್ಲದ ಒಂದು ದ್ರವವನ್ನು ಬೇಕಾದ ಜಾಗಕ್ಕಷ್ಟೇ ಹಚ್ಚಿ, ಅಲ್ಟ್ರಾವಯಲೆಟ್ ದೀಪದ ಕೆಳಗೆ ಹಾಯಿಸುತ್ತಾರೆ. ಬೆಳಕು ಬಿದ್ದ ಕೂಡಲೇ ದ್ರವ ಗಟ್ಟಿಯಾಗುತ್ತದೆ. ಗಾಳಿಗೆ ಒಣಗಲಿ ಅಂತ ಹರಡಿ ಕಾಯುವ ಕೆಲಸವಿಲ್ಲ. ಇದಕ್ಕಾಗಿ ಡಿಸೈನ್ ಮಾಡುವವರು ನಾಲ್ಕು ಬಣ್ಣದ ಚಿತ್ರದ ಜೊತೆಗೆ ಇನ್ನೊಂದು ಚಿತ್ರ ಕೊಡಬೇಕು. ಹೊಳಪು ಬೇಕಾದಲ್ಲಿ ಕಪ್ಪು, ಬೇಡವಾದಲ್ಲಿ ಬಿಳಿ. ಕೇಳೋಕೆ ಸುಲಭ. ಆದರೆ ಆ ಕಪ್ಪು ಚಿತ್ರ ಬರೆಯುವಾಗ ಕಾಗದ, ಸ್ಕ್ರೀನು, ಗೋಂದು, ಕಟಿಂಗ್ ಮೆಷಿನ್ನು ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ಮುಖಪುಟ ಪೂರ್ತಿ ಮುಗಿಸಿ, ಕೊನೆಗೆ “ಇಲ್ಲಿಷ್ಟು ಯುವಿ ಹಾಕಿ” ಅಂತ ಸೇರಿಸಿದರೆ ಚೆನ್ನಾಗಿ ಬರುವುದಿಲ್ಲ. ಯುವಿ ಬೇಕು ಅಂದರೆ ಮೊದಲ ಗೆರೆ ಎಳೆಯುವಾಗಲೇ ಅದನ್ನು ಯೋಚಿಸಿರಬೇಕು. ಈ ಕೆಲಸದ ಉದ್ದಕ್ಕೂ ನನಗೆ ಗಟ್ಟಿಯಾದ ಮಾತು ಇದೇ.

ಮೊದಲು ಪ್ರಕಾಶಕರ ಜೊತೆ ಕೂತು ಮಾತಾಡಿದೆ. ಎಲ್ಲವೂ ಹೊಳೆದರೆ ಯಾವುದೂ ಹೊಳೆದಂತೆ ಕಾಣುವುದಿಲ್ಲ. ಹೊಳಪು ಕಣ್ಣಿಗೆ ಬೀಳುವುದು ಪಕ್ಕದ ಮಂಕಿನಿಂದ. ಬಣ್ಣದ ವಿಷಯವೂ ಇದೆ. ಬಿಳಿ ಅಥವಾ ತಿಳಿ ಬಣ್ಣದ ಮೇಲೆ ಯುವಿ ಇದ್ದೂ ಇಲ್ಲದಂತೆ. ಪುಸ್ತಕವನ್ನು ಓರೆ ಮಾಡಿ ಹಿಡಿದಾಗ ಮಾತ್ರ ಗೊತ್ತಾಗುತ್ತದೆ. ಕಡು ನೀಲಿ, ಕಪ್ಪು, ಕಡು ಹಸಿರಿನ ಮೇಲೆ ಅದೇ ಯುವಿ ಎದ್ದು ಕಾಣುತ್ತದೆ. ಮ್ಯಾಟ್ ಫಿಲ್ಮು ಕಡು ಬಣ್ಣವನ್ನು ಸ್ವಲ್ಪ ಬೂದು ಮಾಡುತ್ತದೆ. ಯುವಿ ಬಿದ್ದ ಕಡೆ ಬಣ್ಣ ತನ್ನ ಪೂರ್ತಿ ಗಾಢತನಕ್ಕೆ ಮರಳುತ್ತದೆ. ಇಲ್ಲಿ ಹೇಗೂ ಕೆರೆ ಇದೆ. ಸಂಜೆಗತ್ತಲ ಕಡು ನೀಲಿ ನೀರು, ಏರಿಯ ಮೇಲೆ ಒಂದು ಹುಣಸೆ ಮರ. ನೀರಿಗೆ ಮಾತ್ರ ಯುವಿ ಹಾಕಿ, ಜೊತೆಗೆ ಪುಸ್ತಕದ ಹೆಸರಿಗೆ ಹಾಕೋಣ, ಲೇಖಕರ ಹೆಸರಿಗೂ ಲೋಗೋಗೂ ಬೇಡ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು.

ಆಮೇಲೆ ಕಂಪ್ಯೂಟರ್ ಮುಂದೆ ಕೂರಲಿಲ್ಲ. ಸೀದಾ ಚಾಮರಾಜಪೇಟೆಗೆ ಹೋದೆ. ಬೆಂಗಳೂರಿನಲ್ಲಿ ಚಾಮರಾಜಪೇಟೆ, ಕಾಟನ್‌ಪೇಟೆ, ಸುಲ್ತಾನ್‌ಪೇಟೆ ಕಡೆ ಒಂದೊಂದು ಸಂದಿಯಲ್ಲೂ ಮುದ್ರಣಕ್ಕೆ ಸೇರಿದ ಯಾವುದಾದರೂ ಒಂದು ಕೆಲಸ ನಡೆಯುತ್ತಿರುತ್ತದೆ. ಒಬ್ಬರು ಬರೀ ಲ್ಯಾಮಿನೇಷನ್, ಒಬ್ಬರು ಬರೀ ಡೈ ಕಟಿಂಗ್, ಒಬ್ಬರು ಬರೀ ಬೈಂಡಿಂಗ್. ಪ್ರೆಸ್‌ನವರು ಯುವಿ ಕೆಲಸಕ್ಕೆ ಕಳಿಸುವ ಅಂಗಡಿ ಯಾವುದು ಅಂತ ಕೇಳಿಕೊಂಡು ಅಲ್ಲಿಗೇ ಹೋದೆ. ಸ್ಕ್ರೀನ್ ಎಳೆಯುವ ಅಣ್ಣ ಹಳೆಯ ಶೀಟುಗಳ ಕಟ್ಟು ಬಿಚ್ಚಿ ಒಂದೊಂದೇ ತೋರಿಸಿದರು.

“ನೋಡಿ ಮೇಡಂ, ಇದು ಕಂಪ್ಯೂಟರಲ್ಲಿ ಚೆನ್ನಾಗಿತ್ತು” ಅಂತ ಒಂದು ಶೀಟು ಮುಂದಿಟ್ಟರು. ತೆಳ್ಳಗಿನ ಬಳ್ಳಿ ಚಿತ್ತಾರ. ಬಳ್ಳಿಯ ಗೆರೆಗಳು ಅಲ್ಲಲ್ಲಿ ತುಂಡಾಗಿದ್ದವು. ಒತ್ತೊತ್ತಾಗಿದ್ದ ಕಡೆ ಎರಡು ಗೆರೆ ಸೇರಿ ಒಂದಾಗಿದ್ದವು. ಸ್ಕ್ರೀನ್ ಅಂದರೆ ಚೌಕಟ್ಟಿಗೆ ಬಿಗಿದ ಸಣ್ಣ ಕಣ್ಣಿನ ಬಟ್ಟೆ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಸೆಂಟಿಮೀಟರಿಗೆ 120ರಿಂದ 150 ಎಳೆ ಇರುವ ಬಟ್ಟೆ ಹಾಕುತ್ತಾರೆ. ದ್ರವ ಆ ಕಣ್ಣುಗಳ ಮೂಲಕ ಇಳಿದು, ಶೀಟಿನ ಮೇಲೆ ಒಂಚೂರು ಹರಡಿ ಸಮ ಆಗಬೇಕು. ಹರಡುವುದರಿಂದಲೇ ಕನ್ನಡಿಯಂಥ ಹೊಳಪು ಬರುವುದು. ಹರಡುವುದರಿಂದಲೇ ಸಣ್ಣ ಸಂದಿ ಮುಚ್ಚಿಕೊಳ್ಳುವುದು. ಎರಡೂ ಒಂದೇ ಗುಣ. ಹಾಗಾಗಿ ಗೆರೆ ಕನಿಷ್ಠ 0.4 ಮಿಮೀ ದಪ್ಪ ಇರಲಿ, ಎರಡು ಗೆರೆ ನಡುವಿನ ಜಾಗ ಅದಕ್ಕಿಂತ ಜಾಸ್ತಿಯೇ ಇರಲಿ ಅಂದರು.

ಇನ್ನೊಂದು ಶೀಟಿನಲ್ಲಿ ಅಂಗೈ ಅಗಲಕ್ಕಿಂತ ದೊಡ್ಡ ಜಾಗ ಪೂರ್ತಿ ಯುವಿ. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು, ಕಿತ್ತಳೆ ಸಿಪ್ಪೆಯಂಥ ತರಿ, ಒಂದೆರಡು ಧೂಳಿನ ಕಣ. ದೊಡ್ಡ ಜಾಗವನ್ನು ಹಾಗೇ ಬಿಟ್ಟರೆ ಸಣ್ಣ ದೋಷವೂ ಅಡಗುವುದಿಲ್ಲ. ನಾನು ಅಂದುಕೊಂಡಿದ್ದ ನೀರು ಇಂಥದ್ದೇ ಒಂದು ದೊಡ್ಡ ಜಾಗ. ಅಲ್ಲೇ ನಿಂತು ಮನಸ್ಸು ಬದಲಾಯಿಸಿದೆ. ನೀರು ಪೂರ್ತಿ ಬೇಡ, ಅಲೆಗಳಿಗೆ ಮಾತ್ರ ಯುವಿ. ಅಲೆ ಅಂದರೆ ಅಡ್ಡಡ್ಡ ಉದ್ದುದ್ದ ಗೆರೆಗಳು, ನಡುವೆ ಮ್ಯಾಟ್. ಹೊಳಪು-ಮಂಕು ಅಕ್ಕಪಕ್ಕ ಬಂದರೆ ನೀರು ಇನ್ನೂ ಜೀವಂತವಾಗಿ ಕಾಣುತ್ತದೆ.

ಹೊರಡುವಾಗ ಆ ಅಣ್ಣ ಒಂದು ಮಾತು ಹೇಳಿದರು. “ಪ್ರಿಂಟಲ್ಲಿ ಗೆರೆ ಇದ್ರೆ ನಾನು ಅದರ ಮೇಲೇ ಕೂರಿಸಬೇಕು. ಅರ್ಧ ಮಿಲಿಮೀಟರ್ ಆಚೆ ಈಚೆ ಆದ್ರೂ ಕಾಣುತ್ತೆ. ಪ್ರಿಂಟಲ್ಲಿ ಗೆರೆನೇ ಇಲ್ದಿದ್ರೆ?” ಇಡೀ ಕೆಲಸದಲ್ಲಿ ನನಗೆ ಸಿಕ್ಕ ಅತಿ ಬೆಲೆಬಾಳುವ ಮಾತು ಇದು. ಅಂದರೆ, ಅಚ್ಚಿನಲ್ಲಿ ನೀರು ಬರೀ ನುಣ್ಣನೆಯ ಕಡು ನೀಲಿಯಾಗಿರಲಿ. ಅಲೆಗಳನ್ನು ಬಣ್ಣದಲ್ಲಿ ಬರೆಯಲೇಬೇಡಿ. ಅಲೆಗಳು ಯುವಿಯಲ್ಲಿ ಮಾತ್ರ ಇರಲಿ. ಆಗ ಸ್ಕ್ರೀನ್ ಒಂದಿಷ್ಟು ಸರಿದರೂ ಹೋಲಿಸಿ ನೋಡಲು ಕೆಳಗೆ ಏನೂ ಇರುವುದಿಲ್ಲ. ತಪ್ಪು ಕಾಣುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಓದುಗರು ಪುಸ್ತಕ ಕೈಗೆತ್ತಿಕೊಂಡು ಅಲ್ಲಾಡಿಸಿದಾಗ ಮಾತ್ರ ಅಲೆ ಏಳುತ್ತದೆ. ಸುಮ್ನೆ ಮೇಜಿನ ಮೇಲಿದ್ದಾಗ ಕೆರೆ ನಿಶ್ಚಲ. ಇದು ನನಗೆ ಬಹಳ ಇಷ್ಟವಾಯಿತು. ಚಿತ್ರವನ್ನೆಲ್ಲ ಇದರ ಸುತ್ತಲೇ ಕಟ್ಟಿದೆ.

ಕೆಲಸ ಶುರು ಮಾಡಿದ್ದು ಅಡೋಬಿಯ ಇಲಸ್ಟ್ರೇಟರ್ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ. ಮೊದಲು ಪೂರ್ತಿ ಹೊದಿಕೆಯ ಅಳತೆ. ಮುಂಪುಟ 5.5 ಇಂಚು, ಹಿಂಪುಟ 5.5 ಇಂಚು, ನಡುವೆ ಬೆನ್ನು. 200 ಪುಟ ಅಂದರೆ 100 ಹಾಳೆ. 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದದಲ್ಲಿ ಬೆನ್ನು ಹೆಚ್ಚುಕಡಿಮೆ 10 ಮಿಮೀ ಬರುತ್ತದೆ. ಆದರೂ ಲೆಕ್ಕ ನಂಬಬಾರದು. ಬೈಂಡರ್ ಹತ್ತಿರ ಅದೇ ಕಾಗದದ ಖಾಲಿ ಡಮ್ಮಿ ಮಾಡಿಸಿ ಅಳೆದೆ. ಬೆನ್ನಿನ ಅಳತೆ ತಪ್ಪಿದರೆ ಯುವಿ ಮಡಿಕೆಯ ಮೇಲೆ ಬಂದು ಕೂರುತ್ತದೆ. ಗಟ್ಟಿಯಾದ ಯುವಿ ಮಡಿಸಿದರೆ ಬಿರುಕು ಬಿಡುತ್ತದೆ. ಹಾಗಾಗಿ ನನ್ನ ಅಲೆಗಳು ಬೆನ್ನಿನ ಮಡಿಕೆಗೆ 3 ಮಿಮೀ ಮೊದಲೇ ನಿಲ್ಲುತ್ತವೆ. ಹಿಂಪುಟದಲ್ಲಿ ಮಡಿಕೆ ದಾಟಿ ಮತ್ತೆ ಶುರುವಾಗುತ್ತವೆ. ಕಣ್ಣಿಗೆ ಆ ಬಿಡುವು ಗೊತ್ತೇ ಆಗುವುದಿಲ್ಲ.

ಅಂಚಿನದ್ದೂ ಇದೇ ಕಥೆ. ಅಚ್ಚಿನ ಬಣ್ಣವನ್ನು ಕಟಿಂಗ್ ಗೆರೆಯಿಂದ 3 ಮಿಮೀ ಆಚೆಗೆ ಬಿಡುತ್ತೇವೆ, ಬ್ಲೀಡ್ ಅಂತ. ಯುವಿಗೆ ನಾನು ತಿರುಗುಮುರುಗು ಮಾಡಿದೆ, ಕಟಿಂಗ್ ಗೆರೆಯಿಂದ 3 ಮಿಮೀ ಒಳಗೇ ನಿಲ್ಲಿಸಿದೆ. ಕಟಿಂಗ್ ಮೆಷಿನ್ನಿನ ಬ್ಲೇಡು ದಪ್ಪ ಯುವಿ ಮೇಲೆ ಬಿದ್ದರೆ ಅಂಚು ಚಿಕ್ಕಚಿಕ್ಕದಾಗಿ ಚಕ್ಕೆ ಏಳುತ್ತದೆ. ಅಂಚಿನವರೆಗೂ ಯುವಿ ಬೇಕೇಬೇಕು ಅನ್ನುವ ವಿನ್ಯಾಸಗಳೂ ಇರುತ್ತವೆ. ಅಲ್ಲಿ ಬ್ಲೀಡ್ ಬಿಡಲೇಬೇಕು, ಚಕ್ಕೆಯ ಅಪಾಯ ಒಪ್ಪಿಕೊಳ್ಳಬೇಕು. ಹಿಂಪುಟದ ಬಾರ್‌ಕೋಡ್ ಮೇಲೂ ಬೇಡ. ಹೊಳಪಿಗೆ ಸ್ಕ್ಯಾನರಿನ ಬೆಳಕು ಚದುರಿ ಓದುವುದು ಕಷ್ಟ. ಬಾಕ್ಸು, ಫೋಲ್ಡರ್ ಮಾಡುವವರು ಗೋಂದು ಹಚ್ಚುವ ಪಟ್ಟಿಯನ್ನೂ ಖಾಲಿ ಬಿಡಬೇಕು, ಯುವಿ ಮೇಲೆ ಗೋಂದು ಹಿಡಿಯುವುದಿಲ್ಲ.

ಈಗ ಅಲೆ. ದೂರದ ಅಲೆ ತೆಳ್ಳಗೆ, ಹತ್ತಿರದ್ದು ದಪ್ಪ ಇರಬೇಕು. ಬಣ್ಣದಲ್ಲಾದರೆ ಗಾಢದಿಂದ ತಿಳಿಗೆ ನುಣ್ಣಗೆ ಇಳಿಸಬಹುದು. ಸ್ಕ್ರೀನ್ ಯುವಿಯಲ್ಲಿ ಅದು ನಡೆಯುವುದಿಲ್ಲ. ಇದ್ದರೆ ಪೂರ್ತಿ ಇದೆ, ಇಲ್ಲದಿದ್ದರೆ ಇಲ್ಲವೇ ಇಲ್ಲ. 50% ಯುವಿ ಅಂತ ಇಲ್ಲ. ನೆರಳು, ಮಸುಕು, ಪಾರದರ್ಶಕತೆ ಯಾವುದನ್ನೂ ಬಳಸುವಂತಿಲ್ಲ. ಹಾಗಾಗಿ ಇಳಿತವನ್ನು ಗೆರೆಯ ದಪ್ಪದಲ್ಲೇ ತೋರಿಸಬೇಕು. ಕೆಳಗಡೆ 2 ಮಿಮೀ ದಪ್ಪದ ಅಲೆ, ಮೇಲೆ ಹೋಗುತ್ತಾ ಒಂದು, ಅರ್ಧ, ಕೊನೆಗೆ 0.4 ಮಿಮೀ. ಗೆರೆಗಳ ನಡುವಿನ ಜಾಗವೂ ಹಾಗೇ ಕಡಿಮೆಯಾಗುತ್ತಾ ಹೋಗುತ್ತದೆ, ಆದರೆ 0.6ಕ್ಕಿಂತ ಕೆಳಗೆ ಇಳಿಸಲಿಲ್ಲ. ಅಲೆಯ ತುದಿ ಚೂಪಾಗಿ ಮುಗಿಯಬಾರದು. ಚೂಪು ತುದಿ ಸ್ಕ್ರೀನ್‌ನಲ್ಲಿ ನಿಲ್ಲುವುದಿಲ್ಲ, ಒಂದೊಂದು ಪ್ರತಿಯಲ್ಲಿ ಒಂದೊಂದು ಕಡೆ ಕಡಿಯುತ್ತದೆ. ಹಾಗಾಗಿ ಎಲ್ಲ ತುದಿಗಳನ್ನೂ ದುಂಡಗೆ ಮಾಡಿದೆ. ಗೆರೆಗಳನ್ನು ಸ್ಟ್ರೋಕ್ (ದಪ್ಪವನ್ನು ಅಂಕಿಯಲ್ಲಿ ಕೊಟ್ಟ ಗೆರೆ) ಆಗಿ ಬಿಡದೆ ಆಕಾರಗಳಾಗಿ ಬದಲಿಸಿದೆ. ಇಲ್ಲದಿದ್ದರೆ ಯಾರಾದರೂ ಫೈಲನ್ನು ಚಿಕ್ಕದು ದೊಡ್ಡದು ಮಾಡುವಾಗ ಗೆರೆಯ ದಪ್ಪ ಹಾಗೇ ಉಳಿದು ಲೆಕ್ಕವೆಲ್ಲ ಕೆಡುತ್ತದೆ.

ನೀರಿನ ಕಡು ನೀಲಿಯ ಬಗ್ಗೆ ಒಂದು ಮಾತು. ಗಾಢ ಬೇಕು ಅಂತ ನಾಲ್ಕೂ ಬಣ್ಣ ಸುರಿಯುವ ಆಸೆ ಆಗುತ್ತದೆ. ಒಂದೊಂದು ಬಣ್ಣದ ಶೇಕಡಾವಾರನ್ನೂ ಕೂಡಿದರೆ ಒಟ್ಟು 300 ದಾಟದಂತೆ ನೋಡಿಕೊಂಡೆ. ಶಾಯಿ ಜಾಸ್ತಿಯಾದರೆ ಒಣಗಲು ಹೊತ್ತು ಹಿಡಿಯುತ್ತದೆ. ಒಣಗದ ಶಾಯಿ ಮೇಲೆ ಲ್ಯಾಮಿನೇಷನ್ ಫಿಲ್ಮು ಸರಿಯಾಗಿ ಅಂಟುವುದಿಲ್ಲ. ಫಿಲ್ಮು ಬಿಟ್ಟರೆ ಅದರ ಮೇಲಿನ ಯುವಿಯೂ ಜೊತೆಗೇ ಎದ್ದು ಬರುತ್ತದೆ.

ಕನ್ನಡ ಅಕ್ಷರದ ಭಾಗ ನನಗೆ ಅತಿ ಹೆಚ್ಚು ಹೊತ್ತು ತೆಗೆದುಕೊಂಡಿತು. ಇಂಗ್ಲಿಷಿನಲ್ಲಿ ಈ ಕೆಲಸ ಕಲಿತು ಬಂದವರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಪುಸ್ತಕದ ಹೆಸರಿನಲ್ಲಿ ಒಂದು ‘ತ್ತು’ ಇತ್ತು. ಪ್ರಕಾಶಕರು ಇಷ್ಟಪಟ್ಟ ಫಾಂಟು ‘ನುಡಿ’ ತಂತ್ರಾಂಶದ, ಯುನಿಕೋಡಿಗೂ ಮುಂಚಿನ ಹಳೆಯ ಆಸ್ಕಿ ಬಗೆಯದು. ಯುನಿಕೋಡ್ ಬಂದು ಇಷ್ಟು ವರ್ಷವಾದರೂ ಪ್ರೆಸ್‌ಗಳಲ್ಲಿ ಇವು ಇನ್ನೂ ಓಡುತ್ತಿವೆ. ಆ ಬಗೆಯ ಫಾಂಟಿನಲ್ಲಿ ‘ತ್ತು’ ಅನ್ನುವುದು ಒಂದು ಅಕ್ಷರ ಅಲ್ಲ, ನಾಲ್ಕು ತುಂಡು. ತಕಾರದ ಒಡಲು ಒಂದು, ತಲೆಕಟ್ಟು ಒಂದು, ಕೊಂಬು ಒಂದು, ತಾವೊತ್ತು ಒಂದು. ಪರದೆ ಮೇಲೆ ಒಂದೇ ಆಗಿ ಕಾಣುತ್ತವೆ. ಔಟ್‌ಲೈನ್ ಮಾಡಿ, ಅಂದರೆ ಅಕ್ಷರವನ್ನು ಆಕಾರವಾಗಿ ಬದಲಿಸಿ, ಬರೀ ಗೆರೆಯಲ್ಲಿ ನೋಡಿದರೆ ಒಂದರ ಮೇಲೊಂದು ಹತ್ತಿ ಕೂತಿರುತ್ತವೆ.

ಬಣ್ಣದ ಅಚ್ಚಿನಲ್ಲಿ ಇದರಿಂದ ಏನೂ ತೊಂದರೆಯಿಲ್ಲ, ನಮ್ಮ ಅಕ್ಷರ ಬಿಳಿ, ಬಿಳಿಯ ಮೇಲೆ ಬಿಳಿ ಬಿದ್ದರೆ ಬಿಳಿಯೇ. ಆದರೆ ಯುವಿ ಫೈಲು ಹಲವು ಕೈ ದಾಟುತ್ತದೆ. ಸ್ಕ್ರೀನ್ ಮಾಡಲು ಮೊದಲು ಈ ಕಪ್ಪು ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ಮೂಡಿಸುತ್ತಾರೆ, ಅದಕ್ಕೂ ಫಿಲ್ಮ್ ಅಂತಲೇ ಹೆಸರು. ಆ ಫಿಲ್ಮ್ ತೆಗೆಯುವ ಕಡೆ ಬಹಳ ಜನ ಕೋರೆಲ್‌ಡ್ರಾ ತಂತ್ರಾಂಶ ಬಳಸುತ್ತಾರೆ. ಅಲ್ಲಿ ಯಾರಾದರೂ ಎಲ್ಲವನ್ನೂ ಆಯ್ದು ‘ಕಂಬೈನ್’ ಕೊಟ್ಟರೆ, ಎರಡು ತುಂಡು ಒಂದರ ಮೇಲೊಂದು ಬಿದ್ದ ಜಾಗ ತೂತಾಗುತ್ತದೆ. ತಲೆಕಟ್ಟು ಒಡಲಿಗೆ ಸೇರುವಲ್ಲಿ ಒಂದು ಬಿಳಿ ಚುಕ್ಕೆ, ಕೊಂಬು ಹೊರಡುವಲ್ಲಿ ಒಂದು ಬಿಳಿ ಸೀಳು. ಕಪ್ಪು ಚಿತ್ರದಲ್ಲಿ ಅದು ಎಷ್ಟು ಸಣ್ಣದು ಅಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿಯಲ್ಲಿ ಹೊಳೆಯುವ ಅಕ್ಷರದ ನಡುವೆ ಮಂಕು ಮಚ್ಚೆಯಾಗಿ ಕೂರುತ್ತದೆ. ಅದಕ್ಕೇ ನಾನು ಕಳಿಸುವ ಮೊದಲೇ ಒಂದೊಂದು ಅಕ್ಷರದ ತುಂಡುಗಳನ್ನೂ ‘ಯುನೈಟ್’ ಮಾಡಿ ಒಂದೇ ಆಕಾರ ಮಾಡಿಬಿಡುತ್ತೇನೆ. ಕೋರೆಲ್‌ನಲ್ಲಿ ಇದೇ ಕೆಲಸಕ್ಕೆ ‘ವೆಲ್ಡ್’ ಇದೆ. ತಾವೊತ್ತು ಮೇಲಿನ ಅಕ್ಷರಕ್ಕೆ ತಾಗದೆ ಬೇರೆಯಾಗಿದ್ದರೆ ಅದನ್ನು ಹಾಗೇ ಬಿಡಬೇಕು, ಆದರೆ ನಡುವಿನ ಸಂದಿ ಅಳೆಯಬೇಕು. ನನ್ನದರಲ್ಲಿ ಸಂದಿ 0.3 ಇತ್ತು. ಒತ್ತನ್ನು ಒಂಚೂರು ಕೆಳಗೆ ಇಳಿಸಿದೆ. ಅಚ್ಚಿನ ಫೈಲಿನಲ್ಲೂ ಅಷ್ಟೇ ಇಳಿಸಬೇಕು, ಮರೆಯಬಾರದು.

ಯುನಿಕೋಡ್ ಫಾಂಟ್ ಆದರೆ ಒತ್ತಕ್ಷರ ಮೊದಲೇ ಕಟ್ಟಿಕೊಂಡು ಬರುತ್ತದೆ, ತುಂಡುಗಳ ಕಾಟ ಕಡಿಮೆ. ಆದರೆ ಅಡೋಬಿ ತಂತ್ರಾಂಶಗಳಲ್ಲಿ ಭಾರತೀಯ ಭಾಷೆಗಳ ಕಂಪೋಸರ್ (ಅಕ್ಷರ ಜೋಡಿಸುವ ವ್ಯವಸ್ಥೆ) ಆಯ್ದುಕೊಳ್ಳದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಅದನ್ನು ನೋಡಿ, ಸರಿಯಾಗಿದೆ ಅಂತ ಖಾತ್ರಿಯಾದ ಮೇಲೇ ಔಟ್‌ಲೈನ್ ಮಾಡಬೇಕು. ಪದ ಓದಲು ಬರುವವರು ಫೈಲ್ ನೋಡುವುದು ಅದೇ ಕೊನೆಯ ಸಲ. ಆಮೇಲೆ ಅದು ಎಲ್ಲರಿಗೂ ಬರೀ ಆಕಾರ.

ಕನ್ನಡದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಕೆಳಗೆ ಬಣ್ಣವಿಲ್ಲದೆ ಬರೀ ಯುವಿಯಲ್ಲೇ ಅಕ್ಷರ ಮೂಡಿಸುವುದಾದರೆ ‘ಥ’ದ ಒಳಗಿನ ಚುಕ್ಕೆ, ‘ಧ’ದ ಕೆಳಗಿನ ಸೀಳು ಉಳಿಯುತ್ತವಾ ಅಂತ ನೋಡಬೇಕು. ದ್ರವ ಹರಡಿ ಸೀಳು ಮುಚ್ಚಿತು ಅಂದರೆ ‘ಧ’ ಹೋಗಿ ‘ದ’ ಆಗುತ್ತದೆ. ‘ಧನ’ ಹೋಗಿ ‘ದನ’ ಆದರೆ ಯಾರಿಗೆ ಬೇಕು ಹೇಳಿ. ಸಣ್ಣ ಅಳತೆಯ ಅಕ್ಷರಗಳಿಗೆ, ಅದರಲ್ಲೂ ಲೇಖಕರ ಹೆಸರಿನಂಥ ಜಾಗಕ್ಕೆ, ಯುವಿ ಬೇಡ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಹೆಸರಿನ ಅಕ್ಷರ ಬಿಳಿ, ಸುತ್ತ ಕಡು ನೀಲಿ. ಇಲ್ಲಿ ಅಲೆಯ ಹಾಗೆ ತಪ್ಪಿಸಿಕೊಳ್ಳುವಂತಿಲ್ಲ, ಯುವಿ ಅಕ್ಷರದ ಮೇಲೇ ಕೂರಬೇಕು. ಒಂದಿಷ್ಟು ಸರಿದರೆ ಏನಾಗುತ್ತದೆ ಅಂತ ಮೊದಲೇ ಯೋಚಿಸಿದೆ. ಯುವಿ ಅಕ್ಷರಕ್ಕಿಂತ ದೊಡ್ಡದಿದ್ದರೆ ಹೊರಗೆ ನೀಲಿಯ ಮೇಲೆ ಹೊಳೆಯುವ ಅಂಚು ಬರುತ್ತದೆ. ಕಡು ಬಣ್ಣದ ಮೇಲೆ ಯುವಿ ಎದ್ದು ಕಾಣುತ್ತದಲ್ಲ, ಆ ಅಂಚು ದೂರದಿಂದಲೂ ಗೊತ್ತಾಗುತ್ತದೆ. ಯುವಿ ಅಕ್ಷರಕ್ಕಿಂತ ಚಿಕ್ಕದಿದ್ದರೆ ಬಿಳಿಯೊಳಗೆ ಕೂದಲೆಳೆಯಷ್ಟು ಮಂಕು ಅಂಚು ಉಳಿಯುತ್ತದೆ. ಬಿಳಿಯ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಅಕ್ಷರದ ಯುವಿಯನ್ನು ಸುತ್ತಲೂ 0.15 ಮಿಮೀ ಒಳಕ್ಕೆ ಎಳೆದೆ. ತಿಳಿ ಹಿನ್ನೆಲೆಯ ಮೇಲೆ ಕಡು ಅಕ್ಷರ ಇದ್ದರೆ ಲೆಕ್ಕ ಉಲ್ಟಾ, ಆಗ ಯುವಿ ಒಂಚೂರು ಹೊರಗೆ ಚಾಚಿದರೂ ನಡೆಯುತ್ತದೆ. ಎಲ್ಲದಕ್ಕೂ ಒಂದೇ ಸೂತ್ರ ಅಂತ ಹಿಡಿದುಕೊಳ್ಳಬಾರದು. ಯಾವ ಕಡೆ ಹೊಳಪು ಜಾಸ್ತಿ ಕಾಣುತ್ತದೋ ಆ ಕಡೆಗೆ ಚೆಲ್ಲದಂತೆ ನೋಡಬೇಕು ಅಷ್ಟೇ.

ಫೈಲ್ ಜೋಡಿಸುವಾಗ ಯುವಿಗೆ ಎಲ್ಲಕ್ಕಿಂತ ಮೇಲೆ ಒಂದು ಪ್ರತ್ಯೇಕ ಲೇಯರ್ ಇಟ್ಟೆ. ಅದರ ಬಣ್ಣ ಸಿಎಂವೈಕೆಯದ್ದಲ್ಲ, ಅಂದರೆ ಅಚ್ಚಿನ ಆ ನಾಲ್ಕು ಬಣ್ಣಗಳದ್ದಲ್ಲ, ‘ಸ್ಪಾಟ್ ಯುವಿ’ ಅಂತಲೇ ಹೆಸರಿಟ್ಟ ಒಂದು ಸ್ಪಾಟ್ (ಪ್ರತ್ಯೇಕ) ಬಣ್ಣ. ಚಿತ್ರದಲ್ಲಿ ಎಲ್ಲೂ ಇಲ್ಲದ ಢಾಳು ಗುಲಾಬಿಯನ್ನು ಅದಕ್ಕೆ ಕೊಟ್ಟೆ, ನೋಡಿದ ಕೂಡಲೇ ಗೊತ್ತಾಗಲಿ ಅಂತ. 100% ಗಾಢ, ಮತ್ತು ಓವರ್‌ಪ್ರಿಂಟ್ ಕಡ್ಡಾಯ. ಓವರ್‌ಪ್ರಿಂಟ್ ಇಲ್ಲದಿದ್ದರೆ ಗುಲಾಬಿ ಇರುವ ಜಾಗದಲ್ಲಿ ಕೆಳಗಿನ ನೀಲಿ ಅಳಿಸಿಹೋಗುತ್ತದೆ. ಅಚ್ಚು ಒತ್ತುವ ಪ್ಲೇಟಿನಲ್ಲಿ ಅಲೆಗಳ ಜಾಗವೆಲ್ಲ ಬಿಳಿ ಗೆರೆಗಳಾಗಿ ಬರುತ್ತವೆ. ಆ ಬಿಳಿಯ ಮೇಲೆ ಬಣ್ಣವಿಲ್ಲದ ಯುವಿ ಬಿದ್ದರೆ ಏನು ಪ್ರಯೋಜನ? ಪಿಡಿಎಫ್ ಮಾಡಿದ ಮೇಲೆ ಅಕ್ರೋಬ್ಯಾಟ್‌ನ ಔಟ್‌ಪುಟ್ ಪ್ರಿವ್ಯೂ ತೆರೆದು, ನಾಲ್ಕು ಬಣ್ಣವನ್ನೂ ಮರೆಮಾಡಿ ಯುವಿ ಒಂದನ್ನೇ ನೋಡಿದೆ. ಆಮೇಲೆ ಯುವಿ ಮರೆಮಾಡಿ ನಾಲ್ಕು ಬಣ್ಣ ನೋಡಿದೆ. ನೀರು ಎಲ್ಲೂ ಒಡೆಯದೆ ನುಣ್ಣಗಿತ್ತು. ಆಗ ಸಮಾಧಾನವಾಯಿತು.

ಪ್ರೆಸ್‌ಗೆ ಮೂರು ಪಿಡಿಎಫ್ ಕಳಿಸಿದೆ. ಬರೀ ಸಿಎಂವೈಕೆ ಇರುವುದು ಪ್ಲೇಟಿಗೆ. ಬರೀ 100% ಕಪ್ಪು ಇರುವುದು ಯುವಿ ಫಿಲ್ಮಿಗೆ. ಎರಡೂ ಸೇರಿರುವ ಗುಲಾಬಿಯದ್ದು ನೋಡಿ ಅರ್ಥ ಮಾಡಿಕೊಳ್ಳಲು ಮಾತ್ರ, ಅದರ ಮೇಲೆ ಅಡ್ಡಲಾಗಿ ‘ಅಚ್ಚಿಗಲ್ಲ’ ಅಂತ ಬರೆದಿದ್ದೆ. ಮೂರರ ಪುಟದ ಅಳತೆಯೂ ಒಂದೇ, ಕಟಿಂಗ್ ಗುರುತು, ಒಂದರ ಮೇಲೊಂದು ಹೊಂದಿಸುವ ರಿಜಿಸ್ಟ್ರೇಷನ್ ಗುರುತುಗಳೂ ಒಂದೇ ಜಾಗದಲ್ಲಿ. ಯುವಿ ಫೈಲಿನಲ್ಲಿ ಚಿತ್ರ ಇರುವಷ್ಟಕ್ಕೇ ಪುಟ ಕತ್ತರಿಸಿ ಕೊಟ್ಟರೆ ಅದನ್ನು ಎಲ್ಲಿ ಕೂರಿಸಬೇಕು ಅಂತ ಫಿಲ್ಮ್ ಮಾಡುವವರಿಗೆ ಹೇಗೆ ತಿಳಿಯಬೇಕು, ಅಲ್ವಾ?

19x25 ಇಂಚಿನ ಶೀಟಿನಲ್ಲಿ ನಾಲ್ಕು ಹೊದಿಕೆ ಕೂರುತ್ತವೆ. ಯುವಿ ಫಿಲ್ಮೂ ಅದೇ ಜೋಡಣೆಯಲ್ಲಿ, ಅದೇ ಶೀಟಿನ ಅಳತೆಯಲ್ಲಿ ಬರಬೇಕು. ಕತ್ತರಿಸಿದ ಬಿಡಿ ಹೊದಿಕೆಗೆ ಯುವಿ ಹಾಕುವುದಿಲ್ಲ, ಪೂರ್ತಿ ಶೀಟಿಗೇ ಹಾಕಿ ಆಮೇಲೆ ಕತ್ತರಿಸುತ್ತಾರೆ. ಗ್ರಿಪ್ಪರ್ (ಮೆಷಿನ್ನು ಶೀಟನ್ನು ಹಿಡಿಯುವ ಅಂಚು) ಯಾವ ಕಡೆ, ಸೈಡ್ ಲೇ (ಶೀಟು ಪಕ್ಕದಲ್ಲಿ ತಾಗಿ ನಿಲ್ಲುವ ಗುರಿ) ಯಾವ ಕಡೆ ಅಂತ ಶೀಟಿನ ಅಂಚಿನಲ್ಲೇ ಗುರುತು ಹಾಕಿಸಿದೆ. ಆಫ್‌ಸೆಟ್ ಮೆಷಿನ್ನು ಶೀಟಿನ ಯಾವ ಮೂಲೆ ಹಿಡಿದು ಅಚ್ಚು ಮಾಡಿತೋ, ಸ್ಕ್ರೀನ್ ಎಳೆಯುವಾಗಲೂ ಅದೇ ಮೂಲೆಯನ್ನೇ ಗುರಿ ಮಾಡಿಕೊಳ್ಳಬೇಕು. ಕಾಗದದ ರೀಮಿನಲ್ಲಿ ಶೀಟುಗಳ ಅಳತೆ ಒಂದಕ್ಕೊಂದು ತುಸು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಎದುರು ಮೂಲೆ ಹಿಡಿದರೆ ಆ ವ್ಯತ್ಯಾಸವೆಲ್ಲ ಅಕ್ಷರದ ಮೇಲೆ ಬಂದು ಬೀಳುತ್ತದೆ.

ಯುವಿ ಫಿಲ್ಮನ್ನು ಅಚ್ಚು ಮತ್ತು ಲ್ಯಾಮಿನೇಷನ್ ಎರಡೂ ಆದ ಮೇಲೇ ಮಾಡಿಸಲು ಆ ಅಣ್ಣ ಹೇಳಿದ್ದರು. ಯಾಕೆ ಅಂತ ಅಂಗಡಿಯಲ್ಲೇ ಕಣ್ಣಾರೆ ನೋಡಿದೆ. ಬಿಸಿ ರೋಲರ್ ನಡುವೆ ಹಾದು ಬಂದ ಶೀಟು ಹಪ್ಪಳದ ಹಾಗೆ ಒಂದು ಕಡೆಗೆ ಸುರುಳಿ ಎದ್ದಿತ್ತು. ಬಿಸಿ, ಎಳೆತ, ಗಾಳಿಯ ತೇವ ಎಲ್ಲ ಸೇರಿ ಕಾಗದ ಒಂದಿಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಶೀಟನ್ನು ಚಪ್ಪಟೆ ಮಾಡಿ, ಆಚೆ ತುದಿಯ ಗುರುತಿನಿಂದ ಈಚೆ ತುದಿಯ ಗುರುತಿಗೆ ಸ್ಟೀಲ್ ಸ್ಕೇಲ್ ಇಟ್ಟು ಅಳೆದರು. ಕಂಪ್ಯೂಟರಿನ ಅಳತೆಗೂ ಶೀಟಿನ ಅಳತೆಗೂ ಇದ್ದ ಆ ಸಣ್ಣ ವ್ಯತ್ಯಾಸವನ್ನು ಫಿಲ್ಮ್ ತೆಗೆಯುವಾಗ ಸರಿಹೊಂದಿಸಿದರು.

ಲ್ಯಾಮಿನೇಷನ್ ಫಿಲ್ಮಿನ ಬಗ್ಗೆಯೂ ಮೊದಲೇ ಹೇಳಿಡಬೇಕು. ಮೇಲೆ ಯುವಿ ಬರುತ್ತದೆ ಅಂತ ಹೇಳದಿದ್ದರೆ ಇದ್ದ ಫಿಲ್ಮನ್ನೇ ಹಾಕಿಬಿಡುತ್ತಾರೆ. ಯುವಿ ಹಿಡಿಯಬೇಕಾದರೆ ಫಿಲ್ಮಿನ ಹೊರಮೈಗೂ ಕೊರೋನಾ ಟ್ರೀಟ್‌ಮೆಂಟ್ ಆಗಿರಬೇಕು. ಇದು ಕಾಯಿಲೆಯ ಕೊರೋನಾ ಅಲ್ಲ, ವಿದ್ಯುತ್ ಹಾಯಿಸಿ ಪ್ಲಾಸ್ಟಿಕ್ ಮೈಗೆ ಹಿಡಿತ ತರಿಸುವ ವಿಧಾನ. ಈ ಹಿಡಿತ ಪರೀಕ್ಷಿಸಲು ಡೈನ್ ಪೆನ್ ಅಂತ ಸಿಗುತ್ತದೆ. 38ರ ಪೆನ್ನಿನಲ್ಲಿ ಗೆರೆ ಎಳೆದಾಗ ಗೆರೆ ಹಾಗೇ ನಿಂತರೆ ಸಾಮಾನ್ಯವಾಗಿ ಯುವಿ ಹಿಡಿಯುತ್ತದೆ. ಗೆರೆ ಒಡೆದು ಹನಿಹನಿಯಾದರೆ ಆ ಫಿಲ್ಮ್ ಬೇಡ. ಟ್ರೀಟ್‌ಮೆಂಟಿನ ಹಿಡಿತ ಕಾಲ ಕಳೆದಂತೆ ಇಳಿಯುತ್ತದೆ, ಹಾಗಾಗಿ ಗೋಡೌನಿನಲ್ಲಿ ಹಳೆಯದಾದ ರೋಲನ್ನು ನಂಬುವಂತಿಲ್ಲ.

ಯುವಿ ಹಾಕುವ ದಿನ ನಾನು ಅಲ್ಲೇ ಇದ್ದೆ. ಹಳದಿ ದೀಪದ ಕೋಣೆಯಲ್ಲಿ ಮೊದಲೇ ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಎಮಲ್ಷನ್ ಹಚ್ಚಿ, ಫಿಲ್ಮ್ ಇಟ್ಟು ಬೆಳಕು ಕೊಟ್ಟು, ನೀರಲ್ಲಿ ತೊಳೆದು ಸ್ಕ್ರೀನ್ ಸಿದ್ಧ ಮಾಡಿದ್ದರು. ಬೆಳಕಿಗೆ ಹಿಡಿದರೆ ನನ್ನ ಅಲೆಗಳೆಲ್ಲ ತೆರೆದ ಕಣ್ಣುಗಳಾಗಿ ಕಾಣುತ್ತಿದ್ದವು. 0.4ರ ಗೆರೆಗಳನ್ನು ಲೂಪಿನಲ್ಲಿ (ಸಣ್ಣ ಭೂತಗನ್ನಡಿ) ನೋಡಿದೆ, ಒಂದೂ ಕಡಿದಿರಲಿಲ್ಲ. ದ್ರವವನ್ನು ಒತ್ತಿ ಇಳಿಸುವ ರಬ್ಬರ್ ಪಟ್ಟಿ, ಸ್ಕ್ವೀಜಿ, ಒಂದು ಸಲ ಹಾದು ಬಂತು. ಶೀಟು ಕನ್ವೇಯರ್ ಮೇಲೆ ಕೂತು ದೀಪದ ಕೆಳಗೆ ಹೋಯಿತು. ಓಜೋನಿನ ಘಾಟು ಮೂಗಿಗೆ ಬಡಿಯಿತು. ಆಚೆ ಬಂದ ಶೀಟನ್ನು ಅಣ್ಣ ಎತ್ತಿ ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿದರು. ನೀರು ಕದಲಿತು. ಹೆಸರಿನ ಅಕ್ಷರಗಳಲ್ಲಿ ಮಾತ್ರ ಎಡಗಡೆ ಒಂದು ಸಣ್ಣ ಹೊಳೆಯುವ ಅಂಚು. “ಎಡಕ್ಕೆ ಬಂದಿದೆ” ಅಂದು ಸೈಡ್ ಲೇ ತಿರುಪನ್ನು ಒಂದಿಷ್ಟು ತಿರುಗಿಸಿದರು. ಮುಂದಿನ ಶೀಟುಗಳಲ್ಲಿ ಅಂಚು ಕರಗಿ ಹೋಯಿತು. ಅಲೆಗಳಲ್ಲಿ ಮೊದಲ ಶೀಟಿಗೂ ಇದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ.

ಅಲ್ಲೇ ಪರೀಕ್ಷೆಯೂ ಆಯಿತು. ಯುವಿ ಮೇಲೆ ಸೆಲೋ ಟೇಪ್ ಗಟ್ಟಿಯಾಗಿ ಅಂಟಿಸಿ ಸರ್ರನೆ ಎಳೆದರು. ಏನೂ ಎದ್ದು ಬರಲಿಲ್ಲ. ಉಗುರಿನಿಂದ ಕೆರೆದರು, ನಿಂತಿತು. ಬೆನ್ನಿನ ಗುರುತಿನ ಮೇಲೆ ಮಡಿಸಿದರು, ಯುವಿ ಮಡಿಕೆಗೆ ತಾಗಿರಲಿಲ್ಲ. ಇದಾದ ಮೇಲೇ ಪೂರ್ತಿ ಕೆಲಸ ಓಡಿಸಲು ಹೇಳಿದೆ. ಈ ಮೂರನ್ನೂ ನೀವೂ ಕೇಳಿ ಮಾಡಿಸಿ. ಒಳ್ಳೆಯ ಕೆಲಸಗಾರರು ಬೇಜಾರು ಮಾಡಿಕೊಳ್ಳುವುದಿಲ್ಲ.

ಖರ್ಚಿನ ಬಗ್ಗೆ ಕೇಳುವವರಿಗೆ: ಫಿಲ್ಮು, ಸ್ಕ್ರೀನಿನ ಖರ್ಚು ಪ್ರತಿ ಎಷ್ಟಿದ್ದರೂ ಒಂದೇ. ಸಾವಿರ ಪ್ರತಿಗೆ ಹಂಚಿದರೆ ಭಾರ ಅನ್ನಿಸುವುದಿಲ್ಲ, ನೂರು ಪ್ರತಿಗೆ ಜಾಸ್ತಿಯಾಗುತ್ತದೆ. ಕಡಿಮೆ ಪ್ರತಿಗೆ ಸ್ಕ್ರೀನೇ ಇಲ್ಲದೆ ಇಂಕ್‌ಜೆಟ್‌ನಲ್ಲಿ ಯುವಿ ಹಾಕುವ ಸ್ಕೋಡಿಕ್ಸ್, ಎಂಜಿಐ ಜೆಟ್‌ವಾರ್ನಿಶ್‌ನಂಥ ಡಿಜಿಟಲ್ ಮೆಷಿನ್ನುಗಳಿವೆ. ಅವು ಕ್ಯಾಮೆರಾದಿಂದ ಗುರುತು ನೋಡಿ ತಾವೇ ಹೊಂದಿಸಿಕೊಳ್ಳುತ್ತವೆ. ಫೈಲ್ ತಯಾರಿಯ ನಿಯಮ ಅಲ್ಲೂ ಬಹುಪಾಲು ಇದೇ. ಮಕ್ಕಳ ಕೈಗೆ ಹೋಗುವ, ಕಡಿಮೆ ಬೆಲೆಯ ಪುಸ್ತಕಗಳಿಗೆ ಮಾತ್ರ ನಾನು ಯುವಿ ಬೇಡ ಅನ್ನುತ್ತೇನೆ. ಆ ಹಣದಲ್ಲಿ ಒಳಗಿನ ಕಾಗದವನ್ನು ಸುಧಾರಿಸಬಹುದು.

ಪುಸ್ತಕ ಮರುಮುದ್ರಣಕ್ಕೆ ಬಂದರೆ ಸ್ಕ್ರೀನ್ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಎಮಲ್ಷನ್ ತೊಳೆದು ಅದೇ ಬಟ್ಟೆಯನ್ನು ಬೇರೆಯವರ ಕೆಲಸಕ್ಕೆ ಹಾಕುತ್ತಾರೆ. ಯುವಿ ಫಿಲ್ಮ್ ಇರುತ್ತದೆ, ಅದನ್ನು ಸುರುಳಿ ಸುತ್ತದೆ ಚಪ್ಪಟೆಯಾಗಿ ಇಡಲು ಕೇಳಿಕೊಂಡೆ. ಆದರೂ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಮುಂದಿನ ಸಲ ಒಳಗಿನ ಕಾಗದ ಬದಲಾದರೆ ಬೆನ್ನಿನ ದಪ್ಪ ಬದಲಾಗುತ್ತದೆ. ಬೇರೆ ಅಳತೆಯ ಶೀಟಿನಲ್ಲಿ ಅಚ್ಚಾದರೆ ಜೋಡಣೆಯೇ ಬೇರೆ. ಅದಕ್ಕೇ ಮೂಲ ಫೈಲಿನ ಜೊತೆಗೆ ಒಂದು ಚೀಟಿ ಸೇರಿಸಿ ಪ್ರಕಾಶಕರಿಗೂ ಪ್ರೆಸ್‌ಗೂ ಕೊಟ್ಟಿದ್ದೇನೆ. ಕಾಗದ ಯಾವುದು, ಬೆನ್ನು ಎಷ್ಟು, ಶೀಟಿನ ಅಳತೆ ಎಷ್ಟು, ಲ್ಯಾಮಿನೇಷನ್ ಫಿಲ್ಮ್ ಯಾವ ಬಗೆಯದು, ಅಕ್ಷರಕ್ಕೆ 0.15 ಒಳಕ್ಕೆ ಎಳೆದಿದೆ, ಅಲೆಗಳು ಅಚ್ಚಿನ ಫೈಲಿನಲ್ಲಿ ಇಲ್ಲ. ಆ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಇಲ್ಲದಿದ್ದರೆ ನೀರಿನಲ್ಲಿ ಅಲೆ ಬಿಟ್ಟುಹೋಗಿದೆ ಅಂದುಕೊಂಡು ಯಾರಾದರೂ ಬಣ್ಣದಲ್ಲಿ ಬರೆದು ಸೇರಿಸಿಬಿಡಬಹುದು.